ಜರ್ಮನ್ ಮನೆಯಲ್ಲಿ ಒಂದು ವರ್ಷ: ಪಿಜಿ ಅಲ್ಲ, ಮನೆ ಮಗು

ಮಕ್ಕಳನ್ನು ಒಂದು ವರ್ಷ ಜರ್ಮನಿಯ ಹೈಸ್ಕೂಲಿಗೆ ಕಳಿಸಬೇಕು ಅಂತಿರುವ ಅಪ್ಪ ಅಮ್ಮಂದಿರು ನನ್ನನ್ನು ಮೊದಲು ಕೇಳುವುದು ಇದನ್ನೇ: 'ಆ ಮನೆಯವರಿಗೆ ತಿಂಗಳಿಗೆ ಎಷ್ಟು ಕೊಡಬೇಕು?'

ಏನೂ ಕೊಡಬೇಕಿಲ್ಲ. ಎಎಫ್‌ಎಸ್, ವೈಎಫ್‌ಯು, ರೋಟರಿಯಂಥ ವಿದ್ಯಾರ್ಥಿ ವಿನಿಮಯ ಸಂಸ್ಥೆಗಳ ಮೂಲಕ ಬರುವ ಮಕ್ಕಳಿಗೆ ಜರ್ಮನ್ ಕುಟುಂಬ ಊಟ, ಹಾಸಿಗೆ, ಮನೆ ಎಲ್ಲವನ್ನೂ ದುಡ್ಡು ತಗೊಳ್ಳದೆ ಕೊಡುತ್ತದೆ. ನೀವು ಕಟ್ಟುವ ಶುಲ್ಕ ಸಂಸ್ಥೆಯ ಕೆಲಸಕ್ಕೆ ಹೋಗುತ್ತದೆ, ಮನೆಯವರ ಕೈಗಲ್ಲ. ನಮ್ಮಲ್ಲಿ ಹಿಂದೆ ವಾರಾನ್ನ ಇತ್ತಲ್ಲ, ಓದುವ ಹುಡುಗನಿಗೆ ವಾರಕ್ಕೊಂದು ದಿನ ಊಟ ಹಾಕುತ್ತಿದ್ದ ಮನೆಗಳು? ಆ ಮನಸ್ಸೇ ಇದು. ವ್ಯತ್ಯಾಸ ಒಂದೇ. ವಾರಾನ್ನದ ಹುಡುಗ ಉಂಡು ಎದ್ದು ಹೋಗುತ್ತಿದ್ದ. ಇಲ್ಲಿ ಮಗು ಅದೇ ಮನೆಯಲ್ಲಿ ಬೆಳೆಯುತ್ತದೆ. ಅದಕ್ಕೇ ಪಾತ್ರೆ ತೊಳೆಯುವ ಪಾಳಿಯೂ ಅದಕ್ಕೆ ಬರುತ್ತದೆ.

ನಾನು ಸ್ಟುಟ್‌ಗಾರ್ಟ್ ಹತ್ತಿರ ಇದ್ದೇನೆ. ಹೀಗೆ ಬರುವ ಮಕ್ಕಳಿಗೆ ಸಂಪರ್ಕ ವ್ಯಕ್ತಿಯಾಗಿ ಸ್ವಯಂಸೇವೆ ಮಾಡುತ್ತೇನೆ. ನಮ್ಮ ಕಡೆಯ ಮಕ್ಕಳು ಎಡವುವುದು ಭಾಷೆಯಲ್ಲಿ ಅಂತ ಎಲ್ಲರೂ ಅಂದುಕೊಂಡಿದ್ದಾರೆ. ನಾನು ನೋಡಿದ ಹಾಗೆ ಮಕ್ಕಳು ಮೊದಲು ಎಡವುವುದು ಊಟದ ಮೇಜಿನಲ್ಲಿ.

ಇಲ್ಲಿ ಬಹಳ ಮನೆಗಳಲ್ಲಿ ರಾತ್ರಿ ಊಟ ಅಂದರೆ ಆಬೆಂಡ್‌ಬ್ರೋಟ್. ಒಲೆ ಹಚ್ಚುವುದಿಲ್ಲ. ಎಲ್ಲರ ಮುಂದೆ ಒಂದೊಂದು ಚಿಕ್ಕ ಮರದ ಹಲಗೆ. ಮಧ್ಯದಲ್ಲಿ ಕಂದು ಬ್ರೆಡ್, ಬೆಣ್ಣೆ, ಚೀಸ್, ಹೆಚ್ಚಿದ ಸೌತೆಕಾಯಿ, ಮೂಲಂಗಿ. ಯಾರೂ ಬಡಿಸುವುದಿಲ್ಲ. ಹಾಸನದಿಂದ ಬಂದಿದ್ದ ಹುಡುಗಿಯೊಬ್ಬಳು ಮೊದಲ ರಾತ್ರಿ ಒಂದು ತುಂಡು ತಿಂದಳು. 'ಇನ್ನೊಂದು?' ಅಂದರು ಆ ಮನೆಯ ಅಮ್ಮ. ಇವಳು ಸಂಕೋಚದಿಂದ ಬೇಡ ಅಂದಳು, ಮತ್ತೊಮ್ಮೆ ಕೇಳುತ್ತಾರೆ ಅಂತ ಕಾದಳು. ಅವರು ಕೇಳಲಿಲ್ಲ. ಬ್ರೆಡ್ ಡಬ್ಬಿಯ ಮುಚ್ಚಳ ಬಿತ್ತು. ರಾತ್ರಿ ಸೂಟ್‌ಕೇಸ್ ತೆಗೆದು ಚಕ್ಕುಲಿ ತಿಂದು ಮಲಗಿದಳು. ಹೀಗೇ ಒಂದು ವಾರ ನಡೆಯಿತು. ನನ್ನ ಹತ್ತಿರ ಹೇಳಿದ ಮೇಲೆ ಆ ಅಮ್ಮನಿಗೂ ವಿಷಯ ಹೇಳಿದೆವು. ಪಾಪ, ಆಕೆ ಅತ್ತೇಬಿಟ್ಟರು.

ಇಲ್ಲಿ ಉಪಚಾರ ಇಲ್ಲ. ಬೇಡ ಅಂದರೆ ಬೇಡ, ಬೇಕು ಅಂದರೆ ಬೇಕು. ನಿಮ್ಮ ಮಾತನ್ನು ನಂಬುವುದೇ ಇಲ್ಲಿಯ ಮರ್ಯಾದೆ. ಒಮ್ಮೆ ಇದು ಅರ್ಥವಾದರೆ ಎಷ್ಟು ಅನುಕೂಲ ನೋಡಿ. ಮಾಂಸ ಬೇಡ ಅಂದರೆ ಯಾರೂ ಒತ್ತಾಯ ಮಾಡುವುದಿಲ್ಲ. ಜರ್ಮನಿಯಲ್ಲಿ 16 ತುಂಬಿದವರು ಬಿಯರ್, ವೈನ್ ಕುಡಿಯಲು ಕಾನೂನು ಬಿಡುತ್ತದೆ. ಜೊತೆಯ ಹುಡುಗರು ಕೇಳಿಯೇ ಕೇಳುತ್ತಾರೆ. ಸಂಸ್ಥೆಯ ನಿಯಮ ಮತ್ತು ಮನೆಯವರ ಮಾತು ಬೇರೆ ಇರುತ್ತದೆ, ಮೊದಲೇ ಕೇಳಿಕೊಳ್ಳಿ. ಅಲ್ಲೂ ಒಂದು 'ಬೇಡ' ಸಾಕು. ಸಸ್ಯಾಹಾರಿಗಳು ಮೊಟ್ಟೆ ತಿನ್ನುತ್ತೀರಾ ಇಲ್ವಾ ಅಂತ ಅರ್ಜಿಯಲ್ಲೇ ಸ್ಪಷ್ಟವಾಗಿ ಬರೆಯಿರಿ. ಇಲ್ಲಿ ಮಕ್ಕಳು ಮುಕ್ಕುವ ಜೆಲ್ಲಿ ಮಿಠಾಯಿಗಳಲ್ಲಿ ಹೆಚ್ಚಾಗಿ ಜೆಲಾಟಿನ್ ಇರುತ್ತದೆ, ಅದು ಪ್ರಾಣಿಯದ್ದು. ಪ್ಯಾಕೆಟ್ ಓದಿ.

ಮನೆಗೆಲಸ ಹೇಳಿದರೆ ಬೇಜಾರಾಗಬೇಡಿ. ಕಸವನ್ನು ಕಾಗದ, ಪ್ಯಾಕಿಂಗ್, ಹಸಿ ಕಸ, ಉಳಿದದ್ದು ಅಂತ ಬೇರೆ ಮಾಡಬೇಕು. ಪ್ಲಾಸ್ಟಿಕ್ ಬಾಟಲಿ ಎಸೆಯಬೇಡಿ. ಸಾಮಾನ್ಯವಾಗಿ ಅದರ ಮೇಲೆ 25 ಸೆಂಟ್ ಠೇವಣಿ ಇರುತ್ತದೆ, ಅಂಗಡಿಯ ಮಷಿನ್‌ಗೆ ಹಾಕಿದರೆ ವಾಪಸ್ ಬರುತ್ತದೆ. ನಮ್ಮ ಈ ಸ್ವಾಬಿಯಾ ಸೀಮೆಯಲ್ಲಿ ಕೇರ್‌ವೋಖೆ ಅಂತ ಒಂದು ಪದ್ಧತಿ ಇದೆ. ಬಾಗಿಲಿಗೆ ಬೋರ್ಡು ತೂಗಿದರೆ ಆ ವಾರ ಮೆಟ್ಟಿಲು, ಮನೆ ಮುಂದಿನ ದಾರಿ ಗುಡಿಸುವುದು ನಿಮ್ಮ ಮನೆಯವರ ಸರದಿ. ಭಾನುವಾರ ಗದ್ದಲ ಕೂಡದು, ಅಂಗಡಿಗಳೂ ಮುಚ್ಚಿರುತ್ತವೆ. ಏನು ಬೇಕೋ ಶನಿವಾರವೇ ತನ್ನಿ.

ಶಾಲೆಯಲ್ಲಿ ನಂಬರ್ ಉಲ್ಟಾ. 1 ಅಂದರೆ ಅತ್ಯುತ್ತಮ, 6 ಅಂದರೆ ಫೇಲು. ಅದಕ್ಕಿಂತ ಮುಖ್ಯವಾದದ್ದು, ತರಗತಿಯಲ್ಲಿ ಬಾಯಿ ಬಿಟ್ಟು ಮಾತಾಡಿದ್ದಕ್ಕೂ ಅಂಕ ಇದೆ, ಅದರ ಪಾಲು ದೊಡ್ಡದೇ. ನಮ್ಮಲ್ಲಿ ತಲೆ ಬಗ್ಗಿಸಿ ಕೂತವನು ಒಳ್ಳೆಯ ಹುಡುಗ, ಅಲ್ವಾ? ಇಲ್ಲಿ ಅವನಿಗೆ ಆಸಕ್ತಿ ಇಲ್ಲ ಅಂತ ಮೇಷ್ಟ್ರು ತಿಳಿಯುತ್ತಾರೆ. ತಪ್ಪು ಜರ್ಮನ್ ಆದರೂ ಕೈ ಎತ್ತಿ. ಹೊರಡುವ ಮುಂಚೆ ಬೆಂಗಳೂರಿನ ಇಂದಿರಾನಗರದ ಗೋಥೆ ಇನ್ಸ್‌ಟಿಟ್ಯೂಟ್‌ನಲ್ಲೋ, ಹತ್ತಿರದ ಬೇರೆ ಕಡೆಯೋ ಜರ್ಮನ್ ಭಾಷೆಯ ಮೊದಲ ಹಂತ ಎ1 ಮುಗಿಸಿ ಬನ್ನಿ. ಮೊದಲ ಮೂರು ತಿಂಗಳು ಹಗುರಾಗುತ್ತದೆ.

ಕಾಗದಪತ್ರದ ವಿಷಯ ಚಿಕ್ಕದಾಗಿ ಹೇಳುತ್ತೇನೆ. ಟೂರಿಸ್ಟ್ ವೀಸಾ ನಡೆಯುವುದಿಲ್ಲ, ಹೆಚ್ಚು ದಿನ ಇರಲು ಕೊಡುವ ನ್ಯಾಷನಲ್ ವೀಸಾ ಬೇಕು. ಅಪ್ಪ ಅಮ್ಮ ಇಬ್ಬರ ಒಪ್ಪಿಗೆಯನ್ನೂ ಕೇಳುತ್ತಾರೆ. ಜರ್ಮನ್ ಕಾನ್ಸುಲೇಟ್ ಬೆಂಗಳೂರಿನಲ್ಲೇ ಇದೆ. ಬಂದ ಎರಡು ವಾರದೊಳಗೆ ಊರಿನ ಕಚೇರಿಯಲ್ಲಿ ವಿಳಾಸ ದಾಖಲಿಸಬೇಕು, ಅದೇ ಆನ್‌ಮೆಲ್ಡುಂಗ್. ಮನೆಯವರೇ ಕರೆದುಕೊಂಡು ಹೋಗುತ್ತಾರೆ. ಇನ್ನು ನಮ್ಮ ಕಡೆ, ಈ ವರ್ಷವನ್ನು ಪಿಯುಸಿಯ ವರ್ಷ ಅಂತ ಲೆಕ್ಕ ಹಿಡಿಯುತ್ತಾರೆ ಅಂದುಕೊಳ್ಳಬೇಡಿ. ಕಾಲೇಜಿನವರ ಉತ್ತರವನ್ನು ಬರಹದಲ್ಲಿ ತಗೊಂಡೇ ಹೊರಡಿ.

ಅಪ್ಪ ಅಮ್ಮಂದಿರಿಗೆ ಒಂದು ಮಾತು. ದಿನಾ ವಿಡಿಯೋ ಕಾಲ್ ಮಾಡಬೇಡಿ. ಇಲ್ಲಿ ಸಂಜೆ ಏಳಕ್ಕೆ ಎಲ್ಲರೂ ಮೇಜಿಗೆ ಬಂದು ಕೂತಿರುತ್ತಾರೆ. ಊರಿನಲ್ಲಿ ಆಗ ಚಳಿಗಾಲವಾದರೆ ರಾತ್ರಿ ಹನ್ನೊಂದೂವರೆ, ಬೇಸಿಗೆಯಾದರೆ ಹತ್ತೂವರೆ. ಮಲಗುವ ಮುಂಚೆ ಅಂತ ನೀವು ಫೋನ್ ಮಾಡುತ್ತೀರಿ, ಮಗು ಎದ್ದು ರೂಮಿಗೆ ಹೋಗುತ್ತದೆ. ಅಲ್ಲಿ ಆ ಕುರ್ಚಿ ಖಾಲಿ. ವಾರಕ್ಕೊಮ್ಮೆ, ಭಾನುವಾರ ಮಾತಾಡಿ.

ಅಷ್ಟೆಲ್ಲ ಮಾಡಿಯೂ ಮನೆ ಹೊಂದದಿದ್ದರೆ ಮುಚ್ಚಿಡಬೇಡಿ. ಸಂಪರ್ಕ ವ್ಯಕ್ತಿ ಇರುವುದೇ ಅದಕ್ಕೆ. ಕುಟುಂಬ ಬದಲಿಸುವ ದಾರಿ ವ್ಯವಸ್ಥೆಯ ಒಳಗೇ ಇದೆ, ರೋಟರಿಯಲ್ಲಂತೂ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಮನೆಗಳಲ್ಲಿ ಇರುವುದು ವಾಡಿಕೆ. ಅದರಿಂದ ಯಾರ ಮಾನವೂ ಹೋಗುವುದಿಲ್ಲ.

ಉಡುಗೊರೆ ಅಂತ ತುಪ್ಪ, ಹಾಲಿನ ಪದಾರ್ಥ ತರಬೇಡಿ, ಕಸ್ಟಮ್ಸ್‌ನಲ್ಲಿ ಬಿಡುವುದಿಲ್ಲ. ಚಟ್ನಿ ಪುಡಿ ತನ್ನಿ, ಜಾಸ್ತಿಯೇ ತನ್ನಿ. ಹಾಸನದ ಹುಡುಗಿಯ ಪೊಟ್ಟಣ ಡಿಸೆಂಬರ್‌ಗೇ ಖಾಲಿಯಾಯಿತು. ಬೆಣ್ಣೆ ಸವರಿದ ಬ್ರೆಡ್ ಮೇಲೆ ಉದುರಿಸಿಕೊಂಡು ತಿಂದವರು ಆ ಮನೆಯ ಅಪ್ಪ.