ಆಶ್ರಮದ ಅಜ್ಜಿ ತಾವೇ ಕುರ್ಚಿಯಿಂದ ಏಳುವಂತೆ ಮಾಡುವುದು ಹೇಗೆ?

ವೃದ್ಧಾಶ್ರಮದಲ್ಲಿ ಫಿಸಿಯೊಥೆರಪಿಸ್ಟ್ ಸಿಗುವುದು ಸ್ವಲ್ಪ ಹೊತ್ತು. ಉಳಿದ ಹೊತ್ತೆಲ್ಲ ಹಿರಿಯರು ಆಯಾಗಳ ಕೈಯಲ್ಲಿರುತ್ತಾರೆ. ಅವಸರಕ್ಕೆ ಕಂಕುಳಿಗೆ ಕೈಹಾಕಿ ಎತ್ತಿಬಿಟ್ಟರೆ ಕೆಲಸ ಬೇಗ ಆಗುತ್ತದೆ ನಿಜ, ಆದರೆ ತೊಡೆಯ ಸ್ನಾಯುಗಳಿಗೆ ಕೆಲಸ ಸಿಗುವುದಿಲ್ಲ. ದಿನವೂ ಹೀಗಾದರೆ ಏಳಬಲ್ಲವರೂ ಏಳಲಾರದಂತಾಗುತ್ತಾರೆ. ಶೌಚ, ಸ್ನಾನ, ಊಟದ ಮೇಜು ಎಲ್ಲಕ್ಕೂ ಮೊದಲು ಏಳಬೇಕಲ್ಲ, ಆದ್ದರಿಂದ ಅಲ್ಲಿಂದಲೇ ಶುರುಮಾಡಿ. ಇತ್ತೀಚೆಗೆ ಸೊಂಟದ ಮೂಳೆಯ ಆಪರೇಷನ್ ಆಗಿದ್ದರೆ, ಎದೆನೋವಿದ್ದರೆ, ಲಕ್ವ ಹೊಡೆದು ಹೆಚ್ಚು ದಿನವಾಗಿರದಿದ್ದರೆ ಮೊದಲು ವೈದ್ಯರನ್ನು ಕೇಳಿ.

ಕುರ್ಚಿಗೆ ಕೈಗಳಿರಲಿ, ಸೀಟು ಗಟ್ಟಿಯಾಗಿರಲಿ, ನೆಲದಿಂದ 17–18 ಅಂಗುಲ ಎತ್ತರವಿರಲಿ. ಪ್ಲಾಸ್ಟಿಕ್ ಕುರ್ಚಿ ನುಣುಪು ನೆಲದಲ್ಲಿ ಹಿಂದಕ್ಕೆ ಜಾರುತ್ತದೆ. ಯಾವ ಕುರ್ಚಿಯಾದರೂ ಗೋಡೆಗೆ ಒತ್ತಿಯೇ ಇಡಿ. ಸೋಫಾ ಬೇಡ, ಅದರಲ್ಲಿ ಸೊಂಟ ಮಂಡಿಗಿಂತ ಕೆಳಗಿಳಿಯುವುದರಿಂದ ಏಳಲು ಹೆಚ್ಚು ಬಲ ಬೇಕು. ತೀರಾ ನಿತ್ರಾಣವಿದ್ದವರಿಗೆ ಸೀಟಿನ ಮೇಲೆ ಗಟ್ಟಿ ಫೋಮ್ ಹಾಕಿ 2–3 ಅಂಗುಲ ಎತ್ತರಿಸಿ, ಬಲ ಬಂದಂತೆ ತೆಗೆಯಿರಿ. ಸೀರೆ, ಪಂಚೆ ಕಾಲಿಗೆ ತೊಡರದಂತೆ ಮೇಲಕ್ಕೆ ಸಿಕ್ಕಿಸಿ. ಹವಾಯಿ ಚಪ್ಪಲಿಗಿಂತ ಹಿಮ್ಮಡಿಗೆ ಪಟ್ಟಿಯಿರುವ ಚಪ್ಪಲಿ ವಾಸಿ. ಬರೀ ಕಾಲುಚೀಲದಲ್ಲಿ ಮಾತ್ರ ನಿಲ್ಲಿಸಲೇಬೇಡಿ.

ಈಗ ಅಜ್ಜಿ ಸೀಟಿನ ಅಂಚಿಗೆ ಸರಿಯಲಿ. ಪಾದಗಳು ಸೊಂಟದಷ್ಟು ಅಗಲಕ್ಕಿರಲಿ, ಹಿಮ್ಮಡಿ ಮಂಡಿಗಿಂತ ತುಸು ಹಿಂದಿರಲಿ. ಆಮೇಲೆ ಮೂಗು ಕಾಲ್ಬೆರಳ ನೇರಕ್ಕೆ ಬರುವಷ್ಟು ಮುಂದಕ್ಕೆ ಬಗ್ಗಬೇಕು. ಎಡವಟ್ಟಾಗುವುದು ಹೆಚ್ಚಾಗಿ ಇಲ್ಲೇ. ಮುಗ್ಗರಿಸುವ ಭಯಕ್ಕೆ ಬಗ್ಗದೆ ನೆಟ್ಟಗೆ ಏಳಲು ಹೋದರೆ ಭಾರ ಪಾದದ ಮೇಲೆ ಬರುವುದಿಲ್ಲ, ದೊಪ್ಪನೆ ಹಿಂದಕ್ಕೆ ಕೂತುಬಿಡುತ್ತಾರೆ. ಅಂಥವರ ಮುಂದೆ ಅಲುಗಾಡದ ಮೇಜು ಇಟ್ಟು, ಅದರ ಮೇಲೆ ಅಂಗೈ ಮುಂದಕ್ಕೆ ಜಾರಿಸುತ್ತಾ ಬಗ್ಗಲು ಹೇಳಿ. ಎರಡು ಮೂರು ದಿನ ಬಗ್ಗುವುದನ್ನಷ್ಟೇ ಮಾಡಿಸಿದರೂ ನಷ್ಟವಿಲ್ಲ.

ಬಗ್ಗಿದ ಮೇಲೆ ಕುರ್ಚಿಯ ಕೈಗಳನ್ನು ಒತ್ತಿ ಏಳಲಿ. ವಾಕರ್ ಹಿಡಿದು ಎಳೆದುಕೊಂಡರೆ ಅದು ಮಗುಚುತ್ತದೆ, ನಿಂತ ಮೇಲೆಯೇ ಹಿಡಿಯಬೇಕು. ಉಸಿರು ಕಟ್ಟದಂತೆ “ಒಂದು, ಎರಡು, ಮೂರು” ಎಂದು ಜೋರಾಗಿ ಎಣಿಸಲಿ. ನೀವು ಬಲಹೀನ ಬದಿಯಲ್ಲಿ ನಿಂತು ಸೊಂಟದ ಹಿಂದೆ ಕೈಯಿಟ್ಟಿರಿ. ಲಕ್ವವಾದ ತೋಳನ್ನು ಎಂದೂ ಎಳೆಯಬೇಡಿ, ಭುಜದ ಕೀಲು ಜಾರುತ್ತದೆ. ಮರೆವಿನ ಕಾಯಿಲೆಯಿದ್ದವರಿಗೆ ಒಂದು ಸಲಕ್ಕೆ ಒಂದೇ ಮಾತು: “ಅಜ್ಜಿ, ಮುಂದಕ್ಕೆ ಬಗ್ಗಿ.” ಬಗ್ಗಿದ ಮೇಲಷ್ಟೇ ಮುಂದಿನದು.

ನಿಂತು ಹತ್ತು ಎಣಿಸಿದ ಮೇಲೆಯೇ ಹೆಜ್ಜೆ. ತಲೆ ಸುತ್ತಿದರೆ ಕೂರಿಸಿ. ಮಲಗಿದ್ದಾಗ ಒಮ್ಮೆ, ಎದ್ದು ನಿಂತ 3 ನಿಮಿಷದೊಳಗೆ ಮತ್ತೊಮ್ಮೆ ಬಿಪಿ ನೋಡಿ. ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದಿದ್ದರೆ ವೈದ್ಯರಿಗೆ ತಿಳಿಸಿ, ಮಾತ್ರೆಗಳನ್ನು ಮರುಪರಿಶೀಲಿಸಬೇಕಾದೀತು. ಕೂರುವಾಗ ಮೀನಖಂಡ ಕುರ್ಚಿಗೆ ತಾಗಿದ ಮೇಲೆ ನಿಧಾನವಾಗಿ ಇಳಿಯಲಿ. ಈ ಇಳಿಯುವಿಕೆಯೂ ತೊಡೆಗೆ ಒಳ್ಳೆಯ ವ್ಯಾಯಾಮ.

ಬೆಳಿಗ್ಗೆ 5 ಸಲ, ಸಂಜೆ 5 ಸಲ ಎದ್ದು ಕೂತರೆ ಸಾಕು, ನಿಧಾನವಾಗಿ ಹತ್ತಕ್ಕೆ ಏರಿಸಿ. ಬಲ ಬಂದವರಿಗೆ ಕೈಗಳನ್ನು ಎದೆಗೆ ಕಟ್ಟಿಸಿ, 30 ಸೆಕೆಂಡಿನಲ್ಲಿ ಎಷ್ಟು ಸಲ ಪೂರ್ತಿ ಎದ್ದು ಕೂರುತ್ತಾರೆಂದು ಎಣಿಸಿ. 80–84 ವಯಸ್ಸಿನ ಗಂಡಸರು 10ಕ್ಕಿಂತ, ಹೆಂಗಸರು 9ಕ್ಕಿಂತ ಕಡಿಮೆ ಸಲ ಎದ್ದರೆ ಬೀಳುವ ಅಪಾಯವಿದೆ ಎಂದರ್ಥ.

ಉಣ್ಣುವುದು, ಉಡುವುದು ಇಂಥ ಕೈಯ ಕೆಲಸಗಳು ಆಕ್ಯುಪೇಷನಲ್ ಥೆರಪಿಸ್ಟ್ (ದಿನನಿತ್ಯದ ಕೆಲಸ ತಾವೇ ಮಾಡಿಕೊಳ್ಳಲು ಕಲಿಸುವವರು) ನೋಡಿಕೊಳ್ಳುವ ಭಾಗ, ಅದನ್ನೂ ದಿನಚರಿಗೇ ಸೇರಿಸಿ. ಬೆರಳು ಮಡಚದವರಿಗೆ ಚಮಚದ ಹಿಡಿಗೆ ಬಟ್ಟೆ ಸುತ್ತಿ ಒಂದು ಅಂಗುಲ ದಪ್ಪ ಮಾಡಿ, ತಟ್ಟೆ ಸರಿಯದಂತೆ ಅಡಿಗೆ ಒದ್ದೆ ಬಟ್ಟೆ ಹಾಸಿ. ರವಿಕೆ ಹಾಕುವಾಗ ಬಲಹೀನ ಕೈ ಮೊದಲು, ತೆಗೆಯುವಾಗ ಅದೇ ಕೊನೆಗೆ. ಗುಂಡಿ ಹಾಕಿಕೊಳ್ಳಲು ಅಜ್ಜಿಗೆ ಐದು ನಿಮಿಷ ಬೇಕಿದ್ದರೆ ಸ್ನಾನಕ್ಕೆ ಐದು ನಿಮಿಷ ಮುಂಚೆಯೇ ಕರೆದೊಯ್ಯಿರಿ.