ಅಂಬಾಸಿಡರಿನ ಆಯಿಲ್ ಸೋರಿಕೆ: ನಾನು ಹುಡುಕಿ ಸರಿಪಡಿಸಿದ ಬಗೆ

ನನ್ನ ಬಳಿ ಇರುವುದು ತಂದೆಯವರು ಓಡಿಸುತ್ತಿದ್ದ 1967ರ ಅಂಬಾಸಿಡರ್ ಮಾರ್ಕ್ ಟೂ. ವಿಂಟೇಜ್ ಎಂಬ ಮಾತು ಕಟ್ಟುನಿಟ್ಟಿನ ಅರ್ಥದಲ್ಲಿ 1919ರಿಂದ 1930ರವರೆಗಿನ ಕಾರುಗಳಿಗೆ ಮಾತ್ರ ಸಲ್ಲುತ್ತದೆಯಾದರೂ, ನಮ್ಮಲ್ಲಿ ಹಳೆಯ ಕಾರುಗಳನ್ನೆಲ್ಲ ಹಾಗೆಯೇ ಕರೆಯುವುದು ರೂಢಿಯಾಗಿದೆ. ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಮಾದರಿಯಲ್ಲಿ ಬಂಗಾಳದ ಉತ್ತರಪಾಡಾದಲ್ಲಿ ತಯಾರಾದ ಈ ಗಾಡಿಯಲ್ಲಿರುವುದು ಬಿ.ಎಂ.ಸಿ. (ಬ್ರಿಟಿಷ್ ಮೋಟರ್ ಕಾರ್ಪೊರೇಷನ್) ಕಂಪನಿಯ 1489 ಸಿಸಿಯ ಬಿ-ಸೀರೀಸ್ ಎಂಜಿನ್. ಮೂರು ವರ್ಷಗಳ ಹಿಂದೆ ಅದು ಪ್ರತಿ 400 ಕಿಲೋಮೀಟರಿಗೆ ಸುಮಾರು ಅರ್ಧ ಲೀಟರ್ ಆಯಿಲ್ ಕೇಳುತ್ತಿತ್ತು. ಬೆಳಗಾದರೆ ಪೋರ್ಟಿಕೋದ ನೆಲದ ಮೇಲೆ ಅಂಗೈಯಗಲದ ಕಲೆ ಬಿದ್ದಿರುತ್ತಿತ್ತು.

ತೋರಿಸಿದ ಗ್ಯಾರೇಜುಗಳಲ್ಲೆಲ್ಲ ಸಿಕ್ಕ ಉತ್ತರ ಒಂದೇ ಆಗಿತ್ತು: "ಕ್ರ್ಯಾಂಕಿನ ಹಿಂದಿನ ಸೀಲ್ ಹೋಗಿದೆ ಸಾರ್, ಗೇರ್‌ಬಾಕ್ಸ್ ಇಳಿಸಬೇಕು." ಒಪ್ಪಿಕೊಳ್ಳುವ ಮೊದಲು ಹಳೆಯ ವರ್ಕ್‌ಶಾಪ್ ಮ್ಯಾನ್ಯುಯಲ್ ಒಂದನ್ನು ಹುಡುಕಿ ಓದಿದೆ. ಕ್ರ್ಯಾಂಕನ್ನು, ಅಂದರೆ ಪಿಸ್ಟನ್ನುಗಳು ತಿರುಗಿಸುವ ಮುಖ್ಯ ದಂಡವನ್ನು, ಮೂರು ಮೇನ್ ಬೇರಿಂಗುಗಳು ಹೊರುವ ಈ ಎಂಜಿನ್ನಿನಲ್ಲಿ ಅದರ ಹಿಂಬದಿಗೆ ರಬ್ಬರ್ ಸೀಲೇ ಇಲ್ಲವೆಂಬುದು ಆಗ ತಿಳಿಯಿತು. ಅಲ್ಲಿರುವುದು ಕ್ರ್ಯಾಂಕ್ ಶಾಫ್ಟಿನ ಮೈಮೇಲೆಯೇ ಕೊರೆದ ಸುರುಳಿ ಗೆರೆ. ಶಾಫ್ಟ್ ತಿರುಗುವಾಗ ಆ ಗೆರೆಯು ಹೊರಗೆ ಹೊರಟ ಆಯಿಲನ್ನು ಸ್ಕ್ರೂವಿನಂತೆ ಒಳಕ್ಕೆ ತಳ್ಳುತ್ತದೆ; ಎಂಜಿನ್ ನಿಂತಾಗ ತಳ್ಳುವ ಕೆಲಸವೂ ನಿಲ್ಲುತ್ತದೆ. ಮುಂಭಾಗ ಎತ್ತರವಾಗುವಂತೆ ಇಳಿಜಾರಿನಲ್ಲಿ ನಿಲ್ಲಿಸಿದ ಗಾಡಿ ಹೆಚ್ಚು ಸೋರುವುದಕ್ಕೆ ಇದೇ ಕಾರಣ. ಕ್ರ್ಯಾಂಕ್ ತಿರುಗುವ ಗೂಡಾದ ಕ್ರ್ಯಾಂಕ್‌ಕೇಸಿನ ಒಳಗೆ ಗಾಳಿಯ ಒತ್ತಡ ಹೆಚ್ಚಿದ್ದರೆ, ಎಂಜಿನ್ ಓಡುತ್ತಿರುವಾಗಲೂ ಆ ಸುರುಳಿ ಸೋಲುತ್ತದೆ. ಬದಲಾಯಿಸಲು ಸೀಲೇ ಇಲ್ಲದ ಕಡೆ ಗೇರ್‌ಬಾಕ್ಸ್ ಇಳಿಸಿ ಪ್ರಯೋಜನವಿಲ್ಲ. ಒತ್ತಡ ಎಲ್ಲಿಂದ ಬಂತೆಂದು ಮೊದಲು ನೋಡಬೇಕು ಎಂದು ನಿರ್ಧರಿಸಿದೆ.

ಆ ಪರೀಕ್ಷೆ ಬಹಳ ಸುಲಭ. ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಐಡ್ಲಿಂಗಿನಲ್ಲಿ ಬಿಟ್ಟು, ಆಯಿಲ್ ಹಾಕುವ ಮುಚ್ಚಳವನ್ನು ತೆಗೆದು, ಆ ಬಾಯಿಯ ಮೇಲೆ ತೆಳುವಾದ ಪ್ಲಾಸ್ಟಿಕ್ ಹಾಳೆಯನ್ನು ಸಡಿಲವಾಗಿ ಹಿಡಿದೆ. ಹಾಳೆ ಬಲೂನಿನಂತೆ ಉಬ್ಬಿತು. ಪಿಸ್ಟನ್ ರಿಂಗುಗಳು ಸವೆದಿದ್ದರೂ ಹೀಗಾಗಬಹುದಾದ್ದರಿಂದ ನಾಲ್ಕೂ ಸಿಲಿಂಡರುಗಳ ಕಂಪ್ರೆಶನ್ ಅಳೆಸಿದೆ; ಅವುಗಳ ನಡುವೆ ಹತ್ತರಲ್ಲಿ ಒಂದು ಪಾಲಿನಷ್ಟೂ ವ್ಯತ್ಯಾಸವಿರಲಿಲ್ಲ. ಉಳಿದದ್ದು ಬ್ರೀದರ್, ಅಂದರೆ ಒಳಗಿನ ಒತ್ತಡದ ಗಾಳಿಯನ್ನು ಹೊರಬಿಡುವ ಕೊಳವೆ. ಎಂಜಿನ್ನಿನ ಪಕ್ಕದ ಮುಂದಿನ ಸೈಡ್ ಕವರಿನಿಂದ ಹೊರಡುವ ಆ ಕೊಳವೆಯನ್ನು ಬಿಚ್ಚಿದಾಗ, ಒಳಗೆ ವರ್ಷಗಟ್ಟಲೆ ಕೂಡಿದ ಕರಿಯ ಜಿಡ್ಡು ಬೆಲ್ಲದ ಪಾಕದಂತೆ ಗಟ್ಟಿಯಾಗಿ ಕುಳಿತಿತ್ತು. ಒಂದು ರಾತ್ರಿ ಸೀಮೆಎಣ್ಣೆಯಲ್ಲಿ ನೆನೆಸಿಟ್ಟು, ತಂತಿ ಹಾಯಿಸಿ, ಗಾಳಿ ಹೊಡೆಸಿದೆ. ಮತ್ತೆ ಜೋಡಿಸಿದಾಗ ಪ್ಲಾಸ್ಟಿಕ್ ಹಾಳೆ ಉಬ್ಬಲಿಲ್ಲ, ಮತ್ತು ಭಾಗಗಳು ಸೇರುವ ಸಂದಿಗೆ ಹಾಕುವ ಒಂದು ಪ್ಯಾಕಿಂಗನ್ನೂ ಮುಟ್ಟದೆಯೇ ನೆಲದ ಕಲೆ ಅರ್ಧಕ್ಕಿಂತ ಚಿಕ್ಕದಾಯಿತು. ಹಳೆಯ ಎಂಜಿನ್ನಿನ ಸೋರಿಕೆಗೆ ಯಾರು ಸಲಹೆ ಕೇಳಿದರೂ ನಾನು ಇದನ್ನೇ ಮೊದಲು ಹೇಳುತ್ತೇನೆ, ಏಕೆಂದರೆ ಬ್ರೀದರ್ ಕಟ್ಟಿಕೊಂಡಿರುವವರೆಗೆ ಎಷ್ಟೇ ಒಳ್ಳೆಯ ಪ್ಯಾಕಿಂಗ್ ಹಾಕಿದರೂ ಆಯಿಲ್ ಇನ್ನೊಂದು ಸಂದಿಯನ್ನು ಹುಡುಕಿಕೊಳ್ಳುತ್ತದೆ.

ಉಳಿದ ಸೋರಿಕೆಯ ಮೂಲವನ್ನು ಕಂಡುಹಿಡಿಯಲು ಎರಡು ವಾರ ಬೇಕಾಯಿತು. ಜಿಡ್ಡು ಹಿಡಿದ ಎಂಜಿನ್ನಿನಲ್ಲಿ ಸೋರಿಕೆಯನ್ನು ಹುಡುಕಲು ಸಾಧ್ಯವಿಲ್ಲ. ಎಂಜಿನ್ ಪೂರ್ತಿ ತಣ್ಣಗಿರುವಾಗ ಡೈನಮೊ, ಡಿಸ್ಟ್ರಿಬ್ಯೂಟರ್ ಮತ್ತು ಕಾರ್ಬುರೇಟರುಗಳಿಗೆ ಪ್ಲಾಸ್ಟಿಕ್ ಕಟ್ಟಿ, ಸೀಮೆಎಣ್ಣೆ ಮತ್ತು ಬ್ರಶ್ಶಿನಿಂದ ಉಜ್ಜಿ, ಒಣಗಿಸಿದೆ. ಬಳಿಕ ಅನುಮಾನವಿದ್ದ ಜಾಗಗಳಿಗೆಲ್ಲ ಮುಖಕ್ಕೆ ಹಚ್ಚುವ ಟಾಲ್ಕಮ್ ಪೌಡರನ್ನು ತೆಳುವಾಗಿ ಉದುರಿಸಿ, ಹತ್ತು ನಿಮಿಷ ಓಡಿಸಿ, ಟಾರ್ಚ್ ಮತ್ತು ಕೈಗನ್ನಡಿ ಹಿಡಿದು ನೋಡಿದೆ. ಆಯಿಲ್ ಮೇಲಿನಿಂದ ಕೆಳಕ್ಕೆ ಇಳಿಯುತ್ತದೆ, ಫ್ಯಾನಿನ ಗಾಳಿ ಅದನ್ನು ಹಿಂದಕ್ಕೆ ಒಯ್ಯುತ್ತದೆ. ಆದ್ದರಿಂದ ಹನಿ ಬೀಳುವ ಜಾಗವನ್ನು ಬಿಟ್ಟು, ಪೌಡರ್ ಒದ್ದೆಯಾದ ಜಾಗಗಳಲ್ಲಿ ಎಲ್ಲಕ್ಕಿಂತ ಮೇಲಿನ ಮತ್ತು ಮುಂದಿನ ಜಾಗವನ್ನು ಗುರುತಿಸಬೇಕು. ಕ್ಲಚ್ ಹೌಸಿಂಗಿನ ತಳದ ತೂತಿನಿಂದ ಬೀಳುತ್ತಿದ್ದ ಹನಿಯ ಜಾಡನ್ನು ಹಿಡಿದು ಹೋದಾಗ ನಾನು ತಲುಪಿದ್ದು ಗಾಳಿ ಮತ್ತು ಹೊಗೆಯ ಕೊಳವೆಗಳಾದ ಮ್ಯಾನಿಫೋಲ್ಡಿನ ಕೆಳಗೆ ಅಡಗಿರುವ ಹಿಂದಿನ ಸೈಡ್ ಕವರಿಗೆ. ನಮ್ಮ ಮೆಕ್ಯಾನಿಕ್ಕುಗಳು ಟ್ಯಾಪೆಟ್ ಕವರ್ ಎಂದು ಕರೆಯುವುದು ಎಂಜಿನ್ನಿನ ತಲೆಯ ಮೇಲಿನ ರಾಕರ್ ಕವರನ್ನು. ವಾಲ್ವುಗಳನ್ನು ಎತ್ತಲು ನೆರವಾಗುವ ಟ್ಯಾಪೆಟ್ಟುಗಳು ನಿಜವಾಗಿ ಇರುವುದು ಈ ಸೈಡ್ ಕವರುಗಳ ಹಿಂದೆ, ಮತ್ತು ಮೇಲಿನಿಂದ ಬಗ್ಗಿ ನೋಡಿದರೆ ಅವು ಕಣ್ಣಿಗೆ ಬೀಳುವುದಿಲ್ಲ.

ಕಾರ್ಬುರೇಟರ್ ಮತ್ತು ಮ್ಯಾನಿಫೋಲ್ಡನ್ನು ಬಿಚ್ಚಿ ಆ ಕವರನ್ನು ಹೊರತೆಗೆದೆ. ತೆಳು ತಗಡಿನ ಕವರ್ ಅದು. ನಡುವಿನ ಒಂದೇ ಬೋಲ್ಟು ಅದನ್ನು ಹಿಡಿದಿಡುತ್ತದೆ. ಸೋರಿದಾಗಲೆಲ್ಲ ಯಾರೋ ಬೋಲ್ಟನ್ನು ಇನ್ನಷ್ಟು ಬಿಗಿದು, ನಡುಭಾಗ ಒಳಕ್ಕೆ ಬಾಗಿ, ಅಂಚುಗಳು ಎದ್ದಿದ್ದವು. ಕಾರ್ಕ್ ಪ್ಯಾಕಿಂಗ್ ಹಪ್ಪಳದಂತೆ ಮುರಿಯುತ್ತಿತ್ತು. ಗಾಜಿನ ಹಲಗೆಯ ಮೇಲಿಟ್ಟು ಪರೀಕ್ಷಿಸುತ್ತಾ, ಮರದ ಸುತ್ತಿಗೆಯಿಂದ ಅಂಚನ್ನು ಸಮ ಮಾಡಿದೆ. ಬೆಂಗಳೂರಿನ ಜೆ.ಸಿ. ರಸ್ತೆಯಿಂದ ತಂದ ಹೊಸ ಕಾರ್ಕ್ ಪ್ಯಾಕಿಂಗನ್ನು ಷೆಲಾಕ್ ಎಂಬ ಅರಗಿನ ಅಂಟಿನಿಂದ ಕವರಿಗೆ ಮಾತ್ರ ಅಂಟಿಸಿ, ರಾತ್ರಿಯಿಡೀ ಭಾರ ಹೇರಿಟ್ಟು, ಬ್ಲಾಕಿಗೆ ತಾಗುವ ಮುಖಕ್ಕೆ ಗ್ರೀಸ್ ಸವರಿದೆ. ಬೋಲ್ಟಿನ ತಲೆಯಡಿಯ ವಾಷರನ್ನು ಬದಲಾಯಿಸದಿದ್ದರೆ ಆಯಿಲ್ ಅಲ್ಲಿಂದಲೇ ಹೊರಬರುತ್ತದೆ. ಅದನ್ನೂ ಹೊಸದಾಗಿ ಹಾಕಿದೆ. ಬಿಗಿಯುವಾಗ ಉದ್ದನೆಯ ಸ್ಪ್ಯಾನರನ್ನು ಬದಿಗಿಟ್ಟು, ಕಾರ್ಕ್ ತುಸು ಒತ್ತಿಕೊಂಡಿತೆಂದು ಕೈಗೆ ತಿಳಿದ ಕೂಡಲೇ ನಿಲ್ಲಿಸಿದೆ.

ಎಂಜಿನ್ನಿನ ತಳದಲ್ಲಿ ಆಯಿಲ್ ನಿಲ್ಲುವ, ನಮ್ಮ ಕಡೆ ಚೇಂಬರ್ ಎಂದು ಕರೆಯುವ ಸಂಪನ್ನು ಇಳಿಸಿದಾಗ ಬೇಸರದ ದೃಶ್ಯವೊಂದು ಕಂಡಿತು. ಹಿಂದೆ ಯಾರೋ ಧಾರಾಳವಾಗಿ ಬಳಿದಿದ್ದ ಸಿಲಿಕೋನ್ ಪೇಸ್ಟ್ ಒಳಗೆ ಹುಳುಗಳಂತೆ ಜೋತಾಡುತ್ತಿತ್ತು, ಅದರ ಒಂದೆರಡು ತುಂಡುಗಳು ಆಯಿಲ್ ಪಂಪಿನ ಜಾಲರಿಗೆ ಅಂಟಿದ್ದವು. ಜಾಲರಿ ಮುಚ್ಚಿದ್ದರೆ ಬೇರಿಂಗುಗಳೇ ಹೋಗುತ್ತಿದ್ದವು. ನಾನು ಪೇಸ್ಟನ್ನು ಮೂಲೆಗಳಲ್ಲಿ, ಅಂದರೆ ಬದಿಯ ಪ್ಯಾಕಿಂಗುಗಳು ಮುಂದಿನ ಮತ್ತು ಹಿಂದಿನ ಬೇರಿಂಗ್ ಕ್ಯಾಪುಗಳ ಕಾರ್ಕ್ ಪಟ್ಟಿಗಳನ್ನು ಸೇರುವ ನಾಲ್ಕು ಜಾಗಗಳಲ್ಲಿ ಮಾತ್ರ, ಅಕ್ಕಿಕಾಳಿನಷ್ಟು ಇಟ್ಟೆ. ಬೋಲ್ಟುಗಳಿಗೆ 6 ಪೌಂಡ್-ಅಡಿಯಷ್ಟೇ ಬಿಗಿತ ಸಾಕು.

ಮುಂಭಾಗದ ಟೈಮಿಂಗ್ ಕವರಿನಲ್ಲಿ ಸ್ವಲ್ಪ ಒದ್ದೆಯಿತ್ತು. ಸೀಲ್ ಬದಲಾಯಿಸಿ, ಪುಲ್ಲಿಯನ್ನು ಕೂರಿಸಿ ಕವರನ್ನು ನಡುಮಧ್ಯಕ್ಕೆ ಹೊಂದಿಸಿದ ಮೇಲೆಯೇ ಬೋಲ್ಟುಗಳನ್ನು ಬಿಗಿದೆ. ಆಯಿಲ್ ಫಿಲ್ಟರಿನ ತಲೆಯಲ್ಲಿರುವ ಸುತ್ತಿನ ತೋಡಿನಲ್ಲಿ ಹಳೆಯ ರಬ್ಬರ್ ರಿಂಗಿನ ಮೇಲೆಯೇ ಹೊಸದನ್ನು ಕೂರಿಸಿದ್ದರು. ಸೂಜಿಯಿಂದ ಹಳೆಯದನ್ನು ಎಬ್ಬಿಸಿ ತೆಗೆದದ್ದಷ್ಟೇ ಅಲ್ಲಿಯ ಕೆಲಸ. ಚೇಂಬರಿನ ಡ್ರೈನ್ ಪ್ಲಗ್ಗಿನ ತಾಮ್ರದ ವಾಷರನ್ನು ಕೆಂಪಗೆ ಕಾಯಿಸಿ ನೀರಿನಲ್ಲಿ ಅದ್ದಿದೆ. ಹಾಗೆ ಮಾಡಿದರೆ ತಾಮ್ರ ಮೆತ್ತಗಾಗಿ ಮತ್ತೆ ಚೆನ್ನಾಗಿ ಕೂರುತ್ತದೆ.

ಈಗ 20ಡಬ್ಲ್ಯು-50 ಆಯಿಲ್ ಹಾಕಿ, ವಾರಕ್ಕೊಮ್ಮೆ ರಾತ್ರಿ ಗಾಡಿಯ ಕೆಳಗೆ ರಟ್ಟಿನ ಹಾಳೆ ಹಾಸಿ, ದಿನಾಂಕ ಬರೆದು ಎತ್ತಿಡುತ್ತೇನೆ. ಹಿಂದಿನ ಸುರುಳಿಯಿಂದ ಈಗಲೂ ಎರಡು ಮೂರು ಹನಿ ಬೀಳುತ್ತವೆ. ಅದನ್ನು ಸರಿಪಡಿಸಲು ಎಂಜಿನ್ ಇಳಿಸಿ ಕ್ರ್ಯಾಂಕ್ ಮತ್ತು ಬೇರಿಂಗ್ ಕ್ಯಾಪಿನ ನಡುವಿನ ಅಂತರವನ್ನೇ ಅಳೆಯಬೇಕು. ಆಯಿಲಿನ ಒತ್ತಡ ಚೆನ್ನಾಗಿರುವವರೆಗೆ ಆ ಕೆಲಸಕ್ಕೆ ಕೈಹಾಕುವುದಿಲ್ಲ. ಹನಿಗಳು ಹತ್ತಕ್ಕೇರಿದ ವಾರ ಮೊದಲು ಬ್ರೀದರ್ ಕೊಳವೆಯನ್ನು ಬಿಚ್ಚಿ ನೋಡುತ್ತೇನೆ.