ಹೆಡರ್ ಹಾಕೋದು ಸುಲಭ, ಹಳೆಯದನ್ನು ಬಿಚ್ಚೋದೇ ಕಷ್ಟ

ನಮ್ಮ ಬೀದಿಯ ಹುಡುಗನೊಬ್ಬ ಆಟೋಕ್ರಾಸ್ ಎಂಬ ಕಾರು ಸ್ಪರ್ಧೆಗೆಂದು ಹಳೆ ಮಾರುತಿ ಎಸ್ಟೀಮ್ ಕಾರು ತಂದ. ಭಾನುವಾರ ತಿಂಡಿ ತಿಂದು ಹೆಡರ್ ಹಾಕಲು ಕೂತವನು, ಊಟದ ಹೊತ್ತಿಗೆ ಮೂರು ಸ್ಟಡ್ (ನಟ್ ಕೂರಲು ಎಂಜಿನ್‌ಗೆ ನೆಟ್ಟಿರುವ ತಿರುಪು ಕಡ್ಡಿ) ಮುರಿದಿದ್ದ. ಸೋಮವಾರ ಕಾರನ್ನು ಗ್ಯಾರೇಜಿಗೆ ಎಳೆದುಕೊಂಡು ಹೋಗಿ ಎಂಜಿನ್‌ನ ಮೇಲ್ಭಾಗವಾದ ಹೆಡ್ಡೇ ಇಳಿಸಬೇಕಾಯಿತು. ಇಂಥದ್ದನ್ನು ನಾನು ನೋಡಿದ್ದು ಇದು ನಾಲ್ಕನೇ ಸಲ. ನಾಲ್ಕೂ ಸಲ ಎಡವಿದ್ದು ಒಂದೇ ಜಾಗದಲ್ಲಿ.

ಹೆಡರ್ ಅಂದರೆ ಬೇರೇನಲ್ಲ. ಎಂಜಿನ್‌ನ ಹೊಗೆಯನ್ನು ಸೈಲೆನ್ಸರ್ ಕಡೆಗೆ ಒಯ್ಯುವ ಕಂಪನಿಯ ಎಗ್ಸಾಸ್ಟ್ ಮ್ಯಾನಿಫೋಲ್ಡ್ ಬದಲಿಗೆ, ಪ್ರತಿ ಸಿಲಿಂಡರ್‌ಗೂ ಒಂದೊಂದು ಉದ್ದ ಪೈಪ್ ಇರುವ ಮ್ಯಾನಿಫೋಲ್ಡ್. ಒಂದು ಸಿಲಿಂಡರ್‌ನ ಹೊಗೆ ಇನ್ನೊಂದಕ್ಕೆ ಅಡ್ಡ ಬರುವುದಿಲ್ಲ. ಎಂಜಿನ್ ಜೋರಾಗಿ ತಿರುಗುವಾಗ ಸ್ವಲ್ಪ ಉಸಿರಾಡಿದಂತಾಗುತ್ತದೆ, ಅಷ್ಟೇ. ಕಾರು ವಿಮಾನ ಆಗಲ್ಲ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ದಿನಾ ಆಫೀಸಿಗೆ ಓಡಿಸುವ ಕಾರಿಗೆ ಇದು ಬೇಡ. ಕಂಪನಿ ಕೊಟ್ಟ ವಿವರಕ್ಕೆ ಹೊಂದದಂತೆ ವಾಹನ ಬದಲಾಯಿಸುವುದನ್ನು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ತಡೆಯುತ್ತದೆ. ಪೊಲೀಸರು ಸೈಲೆನ್ಸರ್‌ಗಳನ್ನು ಸಾಲಾಗಿ ಮಲಗಿಸಿ ರೋಲರ್ ಹತ್ತಿಸಿದ್ದನ್ನು ಟಿವಿಯಲ್ಲಿ ನೋಡಿದ್ದೀರಲ್ವಾ? ಟ್ರ್ಯಾಕಿಗೆ ಅಂತಲೇ ಇಟ್ಟಿರುವ ಹಳೆ ಕಾರಿದ್ದರೆ ಮಾತ್ರ ಮುಂದೆ ಓದಿ. ಹೊಸ ಕಾರುಗಳಲ್ಲಿ ಎಷ್ಟೋ ಕಡೆ ಹೊಗೆಯ ವಿಷ ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಮ್ಯಾನಿಫೋಲ್ಡ್‌ಗೇ ಅಂಟಿಕೊಂಡಿರುತ್ತದೆ. ಫೋಕ್ಸ್‌ವ್ಯಾಗನ್‌ನ 1.0 ಟಿಎಸ್‌ಐ ಎಂಜಿನ್‌ನಲ್ಲಂತೂ ಮ್ಯಾನಿಫೋಲ್ಡ್ ಹೆಡ್‌ನೊಳಗೇ ಸೇರಿಹೋಗಿದೆ. ಬಿಚ್ಚಲು ಅಲ್ಲಿ ಏನೂ ಇಲ್ಲ.

ಹಿಂದಿನ ದಿನ

ಕೆಲಸ ಶುರುವಾಗುವುದು ಶನಿವಾರ ಸಂಜೆ. ಎಂಜಿನ್ ಉಗುರುಬೆಚ್ಚಗಿರುವಾಗ ಪ್ರತಿ ನಟ್‌ನ ಬುಡಕ್ಕೂ ತುಕ್ಕು ಬಿಡಿಸುವ ಸ್ಪ್ರೇ ಹೊಡೆಯಿರಿ. ಮಲಗುವ ಮುಂಚೆ ಇನ್ನೊಮ್ಮೆ, ಬೆಳಿಗ್ಗೆ ಎದ್ದು ಮತ್ತೊಮ್ಮೆ. ಬಾಗಿಲ ಕೀಲಿಗೆ ಹೊಡೆಯುವ ಘಮಘಮ ಸ್ಪ್ರೇ ಇದಕ್ಕಲ್ಲ. ಐವತ್ತು ರೂಪಾಯಿ ಉಳಿಸಲು ಹೋಗಿ ಹೆಡ್ ಕೆಲಸಕ್ಕೆ ಸಾವಿರಾರು ಸುರಿಯಬೇಡಿ.

ಬಿಚ್ಚುವುದು

ಬ್ಯಾಟರಿಯ ಮೈನಸ್ ತೆಗೆಯಿರಿ. ಕಾರನ್ನು ಜಾಕ್ ಸ್ಟ್ಯಾಂಡ್ ಮೇಲೆ ಕೂರಿಸಿ. ಇಟ್ಟಿಗೆ, ಸೈಜುಗಲ್ಲು ನಡೆಯಲ್ಲ. ಕಾವು ತಡೆಯುವ ತಗಡು (ಹೀಟ್ ಶೀಲ್ಡ್) ತೆಗೆಯಿರಿ, ಹೊಗೆಯಲ್ಲಿನ ಆಮ್ಲಜನಕ ಅಳೆಯುವ ಆಕ್ಸಿಜನ್ ಸೆನ್ಸರ್ ಬಿಡಿಸಿ ವೈರ್ ಎಳೆಯದಂತೆ ಪಕ್ಕಕ್ಕಿಡಿ.

ಈಗ ನಟ್‌ಗಳು. ಇಲ್ಲಿ ಅವಸರ ಪಟ್ಟರೆ ಕೆಟ್ಟಿರಿ. ಹನ್ನೆರಡು ಮೂಲೆಯ ರಿಂಗ್ ಸ್ಪ್ಯಾನರ್ ತುಕ್ಕು ತಿಂದ ನಟ್‌ನ ಮೂಲೆ ಸವೆಸಿಬಿಡುತ್ತದೆ. ಆರು ಮೂಲೆಯ ಬಾಕ್ಸ್ ಸ್ಪ್ಯಾನರ್ ಹಾಕಿ, ಅದು ಪೂರ್ತಿ ಕೂತಿದೆಯಾ ಅಂತ ಬೆರಳಲ್ಲಿ ಮುಟ್ಟಿ ನೋಡಿ. ಮೊದಲು ಬಿಗಿ ಮಾಡುವ ಕಡೆಗೇ ಕೂದಲೆಳೆಯಷ್ಟು ತಿರುಗಿಸಿ. ತುಕ್ಕಿನ ಹಿಡಿತ ಒಡೆಯುತ್ತದೆ. ಆಮೇಲೆ ಬಿಚ್ಚುವ ಕಡೆಗೆ ಕಾಲು ಸುತ್ತು, ಮತ್ತೆ ಹಿಂದಕ್ಕೆ ಅರ್ಧದಷ್ಟು, ಸ್ವಲ್ಪ ಸ್ಪ್ರೇ, ಮತ್ತೆ ಕಾಲು ಸುತ್ತು.

ಕಿವಿ ಕೊಡಿ, ಕೈಗೂ ಗಮನ ಕೊಡಿ. ಕಿರ್ರ್ ಅಂದರೆ ನಟ್ ಬರುತ್ತಿದೆ, ಹೆದರಬೇಡಿ. ಸದ್ದೇ ಇಲ್ಲದೆ ರಬ್ಬರ್ ತಿರುಚಿದ ಹಾಗೆ ಮೆತ್ತಗೆ ಬಂದರೆ ನಿಲ್ಲಿಸಿ. ನಟ್ ತಿರುಗುತ್ತಿಲ್ಲ, ಸ್ಟಡ್ ತಿರುಚಿಕೊಳ್ಳುತ್ತಿದೆ. ಇನ್ನು ಅರ್ಧ ಸುತ್ತಿಗೆ ಅದು ಕೈಗೇ ಬರುತ್ತದೆ. ಅಂಥ ನಟ್‌ಗೆ ಬೆಂಕಿ ಬೇಕು. ಸ್ಪ್ರೇಯನ್ನು ಚೆನ್ನಾಗಿ ಒರೆಸಿ, ಪೆಟ್ರೋಲ್ ಪೈಪ್ ಹತ್ತಿರವಿಲ್ಲ ಅಂತ ಎರಡು ಸಲ ನೋಡಿ, ಚಿಕ್ಕ ಗ್ಯಾಸ್ ಟಾರ್ಚ್‌ನಿಂದ ನಟ್ ಮಾತ್ರ ಕಾಯಿಸಿ. ಪಕ್ಕದಲ್ಲಿ ಬೆಂಕಿ ಆರಿಸುವ ಸಿಲಿಂಡರ್ ಇರಲಿ. ಬಿಸಿ ಭಾಗಕ್ಕೆ ಬ್ರೇಕ್ ಕ್ಲೀನರ್ ಹೊಡೆಯಲೇಬೇಡಿ. ಕೆಲವು ಬ್ರ್ಯಾಂಡ್‌ಗಳಲ್ಲಿರುವ ಕ್ಲೋರಿನ್ ದ್ರಾವಕ ಕಾದರೆ ವಿಷಾನಿಲ ಬರುತ್ತದೆ.

ಸ್ಟಡ್ ಮುರಿದೇ ಹೋಯಿತಾ? ಮುರಿದ ತುಂಡು ತೆಗೆಯುವ ಈಸಿ ಔಟ್ ಎಂಬ ಉಪಕರಣ ತಂದು ಚುಚ್ಚಬೇಡಿ. ಹೆಸರಷ್ಟೇ ಈಸಿ. ಅದು ಒಳಗೇ ಮುರಿದರೆ ಸಾಮಾನ್ಯ ಡ್ರಿಲ್ ಬಿಟ್ ಅದನ್ನು ಕೊರೆಯಲ್ಲ. ವೆಲ್ಡಿಂಗ್ ಅಂಗಡಿಯವರನ್ನು ಮನೆಗೇ ಕರೆಸಿ, ಮುರಿದ ತುಂಡಿನ ಮೇಲೆ ನಟ್ ಇಟ್ಟು ವೆಲ್ಡ್ ಮಾಡಿಸಿ. ಆ ಕಾವಿಗೇ ಹೆಚ್ಚಿನ ಸಲ ಸಡಿಲವಾಗುತ್ತದೆ.

ಕೂರಿಸುವುದು

ಹೆಡ್‌ನ ಮೇಲ್ಮೈಯಲ್ಲಿರುವ ಹಳೆ ಪ್ಯಾಕಿಂಗ್ (ಹೊಗೆ ಸೋರದಂತೆ ಜೋಡಣೆಯ ನಡುವೆ ಹಾಕುವ ಗ್ಯಾಸ್ಕೆಟ್) ಕೆರೆದು ತೆಗೆಯಿರಿ. ಹೆಡ್ ಅಲ್ಯೂಮಿನಿಯಂ, ಹರಿತವಾದ ಉಳಿ ಬೇಡ. ಹೊಸ ಹೆಡರ್‌ನ ಫ್ಲಾಂಜ್ (ಹೆಡ್‌ಗೆ ಕೂರುವ ಚಪ್ಪಟೆ ಭಾಗ) ಮೇಲೆ ಉಕ್ಕಿನ ಸ್ಕೇಲ್ ನೆಟ್ಟಗೆ ನಿಲ್ಲಿಸಿ, ಹಿಂದಿನಿಂದ ಟಾರ್ಚ್ ಬಿಡಿ. ಬೆಳಕು ನುಸುಳಿದರೆ ಫ್ಲಾಂಜ್ ಸೊಟ್ಟ. ಅಗ್ಗದ ಹೆಡರ್‌ಗಳಲ್ಲಿ ಇದು ಮಾಮೂಲು. ಲೇತ್‌ನವರ ಹತ್ತಿರ ಮಟ್ಟ ಮಾಡಿಸಿ. ಸಿಲಿಕಾನ್ ಪೇಸ್ಟ್ ಬಳಿದರೆ ಸಾಕು ಎನ್ನುವವರ ಮಾತು ಕೇಳಬೇಡಿ, ಎಗ್ಸಾಸ್ಟ್ ಕಾವಿಗೆ ಅದು ಸುಟ್ಟು ಹೋಗುತ್ತದೆ. ಪದರ ಪದರ ಉಕ್ಕಿನ ಹೊಸ ಪ್ಯಾಕಿಂಗ್ ಹಾಕಿ. ಸ್ಟಡ್ಡೂ ನಟ್ಟೂ ಹೊಸದೇ ಇರಲಿ.

ಎಲ್ಲ ನಟ್ ಮೊದಲು ಕೈಯಲ್ಲೇ ಹತ್ತಬೇಕು. ಆಮೇಲೆ ಮಧ್ಯದಿಂದ ಹೊರಕ್ಕೆ, ಮೂರು ಹಂತದಲ್ಲಿ ಬಿಗಿ ಮಾಡಿ. 8 ಮಿ.ಮೀ. ಸ್ಟಡ್‌ಗೆ ಸಾಮಾನ್ಯವಾಗಿ 20ರಿಂದ 25 ನ್ಯೂಟನ್ ಮೀಟರ್ ಸಾಕು, ನಿಮ್ಮ ಕಾರಿನ ಸರ್ವಿಸ್ ಪುಸ್ತಕದ ಲೆಕ್ಕ ಬೇರೆ ಇದ್ದರೆ ಅದೇ ಸರಿ. ಸೆನ್ಸರ್‌ನ ಮರೆಗೆ (ತಿರುಪಿನ ಗೆರೆಗಳಿಗೆ) ಕಾಪರ್ ಪೇಸ್ಟ್ ತೆಳ್ಳಗೆ ಹಚ್ಚಿ, ತುದಿಗೆ ತಾಗಬಾರದು. ವೈರ್ ಪೈಪಿಗೆ ಒರಗದಂತೆ ಕಟ್ಟಿ. ಹೆಡರ್‌ಗೆ ಕಾವು ತಡೆಯುವ ಪಟ್ಟಿ ಸುತ್ತುವ ಶೋಕಿ ನನಗಂತೂ ಇಷ್ಟವಿಲ್ಲ. ಮಳೆಗಾಲದಲ್ಲಿ ನೀರು ಹಿಡಿದುಕೊಂಡು, ಮೈಲ್ಡ್ ಸ್ಟೀಲ್ ಪೈಪನ್ನು ಒಳಗಿಂದೊಳಗೇ ತಿನ್ನುತ್ತದೆ.

ಲೀಕ್ ನೋಡುವುದು

ಸ್ಟಾರ್ಟ್ ಮಾಡುವ ಮುಂಚೆ, ಎಂಜಿನ್ ತಣ್ಣಗಿರುವಾಗಲೇ, ವ್ಯಾಕ್ಯೂಮ್ ಕ್ಲೀನರ್‌ನ ಗಾಳಿ ಊದುವ ಬದಿಯನ್ನು ಸೈಲೆನ್ಸರ್ ಬಾಯಿಗೆ ಹಿಡಿಸಿ, ಜೋಡಣೆಗಳ ಮೇಲೆ ಸೋಪಿನ ನೀರು ಹಾಕಿ. ಗುಳ್ಳೆ ಎದ್ದ ಕಡೆ ಲೀಕ್. ಆಮೇಲೆ ಬಯಲಿನಲ್ಲಿ ಸ್ಟಾರ್ಟ್ ಮಾಡಿ. ಮುಚ್ಚಿದ ಶೆಡ್‌ನಲ್ಲಿ ಬೇಡ, ಹೊಗೆಯಲ್ಲಿರುವ ವಿಷಾನಿಲ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯೂ ಇರಲ್ಲ. ಮೊದಲ ಹತ್ತು ನಿಮಿಷ ಹೊಗೆ ಏಳುತ್ತದೆ. ಅದು ಪೈಪಿಗೆ ಅಂಟಿದ ಎಣ್ಣೆ ಸುಡುವುದು. ಆದರೆ ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಟಿಕ್ ಟಿಕ್ ಅಂದು, ಬಿಸಿಯಾದ ಮೇಲೆ ನಿಂತುಹೋದರೆ ಪ್ಯಾಕಿಂಗ್ ಸೋರುತ್ತಿದೆ. ಒಂದು ಸಲ ಓಡಿಸಿ, ರಾತ್ರಿಯಿಡೀ ತಣ್ಣಗಾಗಲು ಬಿಟ್ಟು, ಎಲ್ಲ ನಟ್‌ಗಳ ಬಿಗಿ ಮತ್ತೆ ನೋಡಿ. ಒಂದೆರಡಾದರೂ ಸಡಿಲವಾಗಿರುತ್ತವೆ.